ಕಾಪಯ್ಯನ ಕೆಮ್ಮು

ಸುದ್ದಿ ತಿಳಿದ ದಿನ ಬೆಳಗ್ಗೆ ಪ್ರೂಫಯ್ಯನವರು ಮುಂದಿನ ಕೋಣೆಯ ಮೇಜಿನೆದುರು ಕೂತು, ಬೇಡವೆಂಬ ಒಂದು ಮಾತನ್ನು ಸ್ನೇಹಿತನ ಮನಸ್ಸು ನೋಯದ ಹಾಗೆ ಹೇಳುವುದು ಹೇಗೆಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಎದುರಿಗೆ ಅವರ ಲ್ಯಾಪ್‌ಟಾಪು ತೆರೆದಿತ್ತು. ಕನ್ನಡಕ ಒರೆಸುವ ಬಟ್ಟೆಯಿಂದ ಅದರ ಕೀಲಿಗಳನ್ನು ಒಂದೊಂದಾಗಿ ಒರೆಸುತ್ತ, "ನಿಂದು ನಿನ್ನ ಹತ್ರ ಇರ್ಲಿ, ನಂದು ನನ್ನ ಹತ್ರ ಇರ್ಲಿ" ಎಂದು ತುಟಿಯೊಳಗೇ ಹೇಳಿ ನೋಡಿದರು. ಒರಟಾಯಿತು ಅನ್ನಿಸಿತು. "ಈ ವಯಸ್ಸಲ್ಲಿ ಇನ್ನೊಂದು ಯಂತ್ರಕ್ಕೆ ಕೈ ಒಗ್ಗೋದಿಲ್ಲ ಕಣೋ" ಎಂದು ತಿದ್ದಿದರು. ನಯವಾಗಿತ್ತು, ಆದರೆ ಸುಳ್ಳಾಗಿತ್ತು. ಜೀವಮಾನವಿಡೀ ಇನ್ನೊಬ್ಬರ ವಾಕ್ಯಗಳನ್ನು ತಿದ್ದಿದವರಿಗೆ ತಮ್ಮದೊಂದು ವಾಕ್ಯ ಕೂಡಿಬರಲೊಲ್ಲದು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅದರ ಮೇಲೆ ಕಾಪಯ್ಯನ ಹೆಸರು. ದೇವರೇ ಹೊತ್ತು ಕೂಡಿಸಿಕೊಟ್ಟ ಎಂದುಕೊಂಡು, ಧೈರ್ಯ ಕರಗುವ ಮೊದಲೇ ಹೇಳಿ ಮುಗಿಸಿಬಿಡಬೇಕೆಂಬ ಅವಸರದಲ್ಲಿ, ಆ ಕಡೆಯವರಿಗೆ ಬಾಯಿ ತೆರೆಯಲೂ ಬಿಡದೆ ಶುರುಮಾಡಿದರು.

"ಲೋ, ಒಳ್ಳೇ ಹೊತ್ತಿಗೆ ಮಾಡ್ದೆ. ಆ ಅದಲು ಬದಲಿನ ವಿಷಯ ಇಲ್ಲಿಗೇ ಬಿಟ್ಬಿಡೋಣ. ನಂಗೆ ನಿನ್ನ ಲ್ಯಾಪ್‌ಟಾಪ್ ಬೇಡ. ಬೇಜಾರ್ ಮಾಡ್ಕೋಬೇಡ."

ಆ ಕಡೆ ಹೆಂಗಸಿನ ದನಿ.

"ಅಣ್ಣಾ, ನಾನು. ಅವರು ಏಳ್ಲೇ ಇಲ್ಲ ಅಣ್ಣಾ. ಕಾಫಿ ಆರ್ತಾ ಇದೆ ಏಳಿ, ಏಳಿ ಅಂತ ಎಷ್ಟು ಕೂಗಿದ್ರೂ..."

ಫೋನು ಕಿವಿಗೆ ಒತ್ತಿಕೊಂಡೇ ಇದ್ದರೂ ಇನ್ನೊಂದು ಕೈ ಕೀಲಿಯೊಂದನ್ನು ಒರೆಸುತ್ತಲೇ ಇರುವುದನ್ನು ಪ್ರೂಫಯ್ಯನವರು ನೋಡಿದರು. ಅದು ತಮ್ಮ ಕೈಯಲ್ಲವೇನೋ ಎಂಬಂತೆ ನೋಡಿದರು. ಕೈ ನಿಲ್ಲಲಿಲ್ಲ. ಕಾಪಯ್ಯನ ಹೆಂಡತಿಗೆ ಏನೋ ಉತ್ತರ ಕೊಟ್ಟರು. ಏನು ಕೊಟ್ಟರೆಂದು ಆಮೇಲೆ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಒಂದೇ: ತೀರಿಹೋದ ಮನುಷ್ಯನ ಫೋನಿಗೆ ತಾವು ಆಡಿದ ಕೊನೆಯ ಮಾತು, ಬೇಡ.

ಇಬ್ಬರ ನಿಜವಾದ ಹೆಸರುಗಳು ಅಚ್ಚುಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಲೇಖಕ ಬರೆದ ಮೂಲಪ್ರತಿಯನ್ನು, ಅಂದರೆ ಕಾಪಿಯನ್ನು ಹಿಡಿದು ಗಟ್ಟಿಯಾಗಿ ಓದುವವನು ಕಾಪಯ್ಯ; ಅಚ್ಚಿಗೆ ಜೋಡಿಸಿದ ಪುಟದ, ಅಂದರೆ ಪ್ರೂಫಿನ ಮೇಲೆ ಕಣ್ಣಿಟ್ಟು ಕೇಳಿಸಿಕೊಳ್ಳುತ್ತ ತಪ್ಪು ಹಿಡಿಯುವವರು ಪ್ರೂಫಯ್ಯ. ಯಂತ್ರ ನಡೆಸುವವನೊಬ್ಬ ತಮಾಷೆಗೆ ಇಟ್ಟ ಹೆಸರುಗಳು. ಸಂಬಳದ ದಿನವೂ ಅವೇ ಹೆಸರು ಕೂಗುವಷ್ಟು ಗಟ್ಟಿಯಾಗಿ ಅಂಟಿಕೊಂಡವು. ಕಾಪಿ ಓದುವುದೆಂದರೆ ಕಥೆ ಓದಿದ ಹಾಗಲ್ಲ. ಪದದ ಜೊತೆ ಚಿಹ್ನೆಯನ್ನೂ ಬಾಯಿಬಿಟ್ಟು ಹೇಳಬೇಕು. "ಔಷಧವನ್ನು ಊಟದ ನಂತರ ಕಾಮಾ ನೀರಿನೊಂದಿಗೆ ಕಾಮಾ ನಿಧಾನವಾಗಿ ಕೊಡಬೇಕು ಫುಲ್‌ಸ್ಟಾಪ್ ಪ್ಯಾರಾ." ಬೇರೆ ಯಾರು ಹಾಗೆ ಓದಿದರೂ ಕೇಳುವವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕಾಪಯ್ಯ ಓದಿದರೆ ಮಾತ್ರ ಹಾಗಾಗುತ್ತಿರಲಿಲ್ಲ. ಅವನ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಪ್ರೇಮಪತ್ರವನ್ನೂ ಹರಾಜಿನ ನೋಟೀಸನ್ನೂ ಒಂದೇ ಗೌರವದಿಂದ ಓದುತ್ತಿದ್ದ. ಅವನ ಬಾಯಲ್ಲಿ ಕಾಮಾಕ್ಕೂ ಒಂದು ಮರ್ಯಾದೆಯಿತ್ತು. ಲೇಖಕ ಎಷ್ಟೇ ಅವಿವೇಕ ಬರೆದಿದ್ದರೂ ಓದುವಾಗ ಅವನ ಹುಬ್ಬು ಒಮ್ಮೆಯೂ ಮೇಲೇರಿದ್ದಿಲ್ಲ. "ಅವನ ವಾಕ್ಯ ಅವನಿಗೆ, ನಮ್ಮ ಕೆಲಸ ನಮಗೆ" ಎನ್ನುತ್ತಿದ್ದ. ಯಾರ ತಪ್ಪನ್ನೂ ನೋಡಿ ನಗದಿರುವುದು ಪುಣ್ಯವೆಂದು ಪ್ರೂಫಯ್ಯನವರು ಚಿಕ್ಕಂದಿನಿಂದ ಪ್ರಾರ್ಥನೆಯಲ್ಲಿ ಕೇಳಿದ್ದರು. ಮನುಷ್ಯರಲ್ಲಿ ಕಂಡದ್ದು ಕಾಪಯ್ಯನೊಬ್ಬನಲ್ಲಿ.

ಕೆಲಸದಿಂದ ನಿವೃತ್ತರಾದ ಮೇಲೆಯೂ ಇಬ್ಬರೂ ಓದುವುದನ್ನು ಬಿಡಲಿಲ್ಲ. ಅಚ್ಚುಮನೆಯ ಯಜಮಾನ ಪುಟಗಳನ್ನು ಇಬ್ಬರಿಗೂ ಮೇಲ್ ಮಾಡುತ್ತಿದ್ದ. ಎರಡು ಬೀದಿ ಆಚೆಯಿಂದ ಕಾಪಯ್ಯ ತನ್ನ ಲ್ಯಾಪ್‌ಟಾಪನ್ನು ಹೆಗಲಚೀಲದಲ್ಲಿ ಹೊತ್ತು ನಡೆದುಬರುತ್ತಿದ್ದ. ಮೇಜಿನ ಆ ಕಡೆ ಅವನು, ಈ ಕಡೆ ಇವರು, ನಡುವೆ ಎರಡು ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದವು. ಎರಡೂ ಇನ್ನೊಬ್ಬರು ಉಜ್ಜಿ ಬಿಟ್ಟವೇ. ಕಾಪಯ್ಯನದು ಮನೆಗಳ ನಕ್ಷೆ ಬರೆಯುವವರ ಕಚೇರಿಯಿಂದ ಬಂದದ್ದು: ಕಪ್ಪು, ದಪ್ಪ, ಹಲಗೆಯಂಥದ್ದು, ತೆರೆದರೆ ಕಿಟಕಿ ತೆರೆದ ಹಾಗೆ ಅಗಲವಾದ, ಹೊಳಪಿಲ್ಲದ ಪರದೆ. ಎಡಗಡೆಯ ಕೀಲಿಗಳಲ್ಲಿ ಅಕ್ಷರಗಳೇ ಸವೆದುಹೋಗಿದ್ದವು. ಪ್ರೂಫಯ್ಯನವರದು ಅಳಿಯ ಹೊಸದು ಕೊಂಡಾಗ ಕೊಟ್ಟದ್ದು: ಬೆಳ್ಳಿಯ ಬಣ್ಣ, ತಟ್ಟೆಯಷ್ಟು ತೆಳುವು, ಕನ್ನಡಿಯಂತೆ ಹೊಳೆಯುವ ಚಿಕ್ಕ ಪರದೆ. ಅದರಲ್ಲಿ ಅಕ್ಷರಗಳಿಗಿಂತ ಮೊದಲು ಹಿಂದಿನ ಕಿಟಕಿ ಕಾಣುತ್ತಿತ್ತು, ಆಮೇಲೆ ತಮ್ಮದೇ ಮುಖ, ಅದರ ಹಿಂದೆ ಎಲ್ಲೋ ಇರುವೆ ಸಾಲಿನ ಹಾಗೆ ಪುಟ. ಅಕ್ಷರ ದೊಡ್ಡದು ಮಾಡಿಕೊಂಡರೆ ಸಾಲು ಅಂಚು ದಾಟಿ ಹೊರಗೆ ಹೋಗುತ್ತಿತ್ತು. ಸರಿಸುತ್ತ ಕೂತರೆ ಕಾಪಯ್ಯನ ಓದು ಮುಂದೆ ಹೋಗಿರುತ್ತಿತ್ತು, "ತಡಿ" ಎನ್ನಬೇಕಾಗುತ್ತಿತ್ತು. ಪ್ರೂಫಯ್ಯನವರು ತಡಿ ಎನ್ನುವವರಲ್ಲ. ಪುಟವನ್ನು ಒಮ್ಮೆ ನೋಡಿದರೆ ತಪ್ಪು ತಾನಾಗಿ ಎದ್ದು ನಿಂತು ಕೈಮುಗಿಯುತ್ತದೆ ಎಂದು ಯಜಮಾನನ ಅಪ್ಪ ಅವರ ಬಗ್ಗೆ ಹೇಳುತ್ತಿದ್ದ. ಆ ಮಾತನ್ನು ಅವರು ಮರೆತಿರಲಿಲ್ಲ.

ಅದಲು ಬದಲಿನ ಮಾತು ತೆಗೆದದ್ದು ಕಾಪಯ್ಯನೇ, ಒಂದು ಮಧ್ಯಾಹ್ನ, ಚೀಲ ಇಳಿಸಿ ಭುಜ ತಿಕ್ಕಿಕೊಳ್ಳುತ್ತ. "ಅಯ್ಯಾ, ಈ ಕಬ್ಬಿಣದ ಪೆಟ್ಟಿಗೆ ಹೊತ್ತು ಹೊತ್ತು ಭುಜ ಬಿದ್ದುಹೋಯ್ತು. ನಿನ್ನ ತೆಳ್ಳಂದು ನಂಗೆ ಕೊಡು, ಇದನ್ನ ನೀನಿಟ್ಕೋ. ನೀನಂತೂ ಕೂತಲ್ಲೇ ಕೂತಿರ್ತೀಯ, ಭಾರ ಆದ್ರೇನು, ಹಗುರ ಆದ್ರೇನು?" ಪ್ರೂಫಯ್ಯನವರು ನೋಡೋಣ ಎಂದರು. ಇನ್ನೊಂದು ದಿನ ಅವನು, "ಏನಾಯ್ತಯ್ಯ, ಹುಡುಗಿ ನೋಡೋಕೆ ಹೋದವರ ಹಾಗೆ ನೋಡೋಣ ನೋಡೋಣ ಅಂತೀಯ" ಎಂದು ಕಾಲೆಳೆದ. ಮತ್ತೂ ನೋಡೋಣ ಎಂದರು. ಪ್ರೂಫಯ್ಯನವರ ಹೆಂಡತಿ ಲೋಟಗಳನ್ನು ತೆಗೆದುಕೊಂಡು ಹೋಗುತ್ತ ಆ ಮಾತು ಕೇಳಿಸಿಕೊಂಡಿದ್ದಳು. ಸ್ನೇಹಿತ ಹೋದ ಮೇಲೆ, "ಏನ್ರೀ ಇದು, ಅವರ ಹಳೇ ಭಾರಾನ ನಿಮ್ಮ ತಲೆಗೆ ದಾಟಿಸ್ತಾ ಇದಾರೆ" ಎಂದಳು. ಹೇಳಿದ್ದು ತಮಾಷೆಗೆ. ಆದರೆ ಅದು ಅವರ ಮನಸ್ಸಿನೊಳಗೆ ಹೋಗಿ ಕೂತಿತು. ಇಷ್ಟು ವರ್ಷ ಏನನ್ನೂ ಕೇಳದವನು ಈಗ ಕೇಳುತ್ತಿರುವುದೇಕೆ? ತನ್ನದು ಹಾಳಾಗುತ್ತಿದೆಯೆಂದು ಗೊತ್ತಾಗಿರಬೇಕು. ಅದರೊಳಗೆ ಏನೋ ಕೆಟ್ಟಿರಬೇಕು. ಹೀಗೆ ಯೋಚಿಸುತ್ತಿರುವಾಗಲೇ ಅವರಿಗೆ ತಮ್ಮ ಯೋಚನೆಯ ಬಗ್ಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದದ್ದಕ್ಕೆ ಮತ್ತೆ ಅವನ ಮೇಲೇ ಸಿಟ್ಟು ಬರುತ್ತಿತ್ತು.

ಸಿಟ್ಟಿಗೆ ಇನ್ನೊಂದು ಕಾರಣ ಅವನ ಕೆಮ್ಮು. ಅದು ಯಾವಾಗ ಶುರುವಾಯಿತೆಂದು ಹೇಳುವುದು ಕಷ್ಟ. ನಿರರ್ಗಳವಾಗಿ ಓದುತ್ತಿದ್ದವನು ಇದ್ದಕ್ಕಿದ್ದ ಹಾಗೆ, ವಾಕ್ಯದ ನಡುವೆ, ಒಂದು ಸಣ್ಣ ಒಣ ಕೆಮ್ಮು ಕೆಮ್ಮುತ್ತಿದ್ದ. ಕೆಮ್ಮಿ, ಕ್ಷಮೆ ಕೇಳುವ ಹಾಗೆ ಕೈ ಎತ್ತಿ, ಅದೇ ಸಾಲನ್ನು ಮೊದಲಿನಿಂದ ಓದುತ್ತಿದ್ದ. ಪ್ರೂಫಯ್ಯನವರೂ ಆ ಸಾಲನ್ನು ಮತ್ತೊಮ್ಮೆ ನೋಡಬೇಕಾಗುತ್ತಿತ್ತು. ಆಗ ಒಂದು ತಪ್ಪು ಸಿಗುತ್ತಿತ್ತು. "ಸಿಕ್ತು" ಎಂದು ಅವರು ಕೆಂಪು ಗುರುತು ಹಾಕುತ್ತಿದ್ದರು. "ನಿನ್ನ ಕಣ್ಣಿಗೆ ದೃಷ್ಟಿ ತಾಗದಿರ್ಲಿ ಕಣಯ್ಯ" ಎಂದು ಕಾಪಯ್ಯ ಮುಂದಕ್ಕೆ ಹೋಗುತ್ತಿದ್ದ. ಒಂದು ದಿನ ಯಜಮಾನ ಬಂದು ಕೂತಿರುವಾಗಲೇ, ಕೆಮ್ಮು ಹೆಚ್ಚಾಗಿ, ಪ್ರೂಫಯ್ಯನವರು ತಾಳ್ಮೆಗೆಟ್ಟು, "ಕೆಮ್ಮಿ ಕೆಮ್ಮಿ ನನ್ನ ಗಮನ ಕೆಡಿಸ್ತೀಯ, ಓದೋದಕ್ಕೆ ಆಗದಿದ್ರೆ ಬಿಡು" ಎಂದುಬಿಟ್ಟರು. ಯಜಮಾನ ಕಿಟಕಿಯ ಕಡೆ ತಿರುಗಿದ. ಕಾಪಯ್ಯ ಮಾತ್ರ ನಕ್ಕ. "ವಯಸ್ಸಾಯ್ತಲ್ಲಯ್ಯ ಗಂಟಲಿಗೂ" ಎಂದ. ಮಾರನೆಯ ದಿನ ಇವರು ಗಂಟಲಿನ ಮಾತ್ರೆಯ ಒಂದು ಪಟ್ಟಿ ತಂದು, ಮಾತಿಲ್ಲದೆ, ಅವನ ಕಡೆಗೆ ತಳ್ಳಿದರು. ಅವನು ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡ. ಅಲ್ಲಿಂದ ಮುಂದೆ ಓದಲು ಕೂಡುವ ಮೊದಲು, ಒಳ್ಳೆಯ ಶಾಲಾಹುಡುಗನ ಹಾಗೆ, ತಪ್ಪದೆ ಒಂದು ಮಾತ್ರೆ. ಕೆಮ್ಮು ಮಾತ್ರ ನಿಲ್ಲಲಿಲ್ಲ.

ಈಗ ಮೇಜಿನ ಆ ಕಡೆಯ ಕುರ್ಚಿ ಖಾಲಿ. ಅಂತ್ಯಕ್ರಿಯೆ ಮುಗಿದು ಕೆಲವು ದಿನಗಳ ಮೇಲೆ ಅಚ್ಚುಮನೆಯಲ್ಲಿ ಅವನ ನೆನಪಿಗೆ ಒಂದು ಸಣ್ಣ ಸಭೆ ಸೇರಿತು. ಯಂತ್ರಗಳನ್ನು ನಿಲ್ಲಿಸಿದ್ದರು. ಯಂತ್ರ ನಿಂತ ಅಚ್ಚುಮನೆಯನ್ನು ಪ್ರೂಫಯ್ಯನವರು ಕಂಡದ್ದು ಕಡಿಮೆ. ಆ ಮೌನ ಕಿವಿಗೆ ಒತ್ತುತ್ತಿತ್ತು. ಕಾಗದದ ಕಟ್ಟುಗಳ ಮೇಲೆ ಜನ ಕೂತಿದ್ದರು. ಶಾಯಿಯ ವಾಸನೆ. ಯಜಮಾನ ಪ್ರಾರ್ಥನೆ ಅಚ್ಚು ಮಾಡಿಸಿದ್ದ ಒಂದು ಹಾಳೆಯನ್ನು ಅವರ ಕೈಗಿಟ್ಟು, "ನೀವೇ ಓದ್ಬೇಕು ಸಾರ್. ನಿಮ್ಮಷ್ಟು ಹತ್ತಿರದವರು ಅವರಿಗೆ ಯಾರಿದ್ರು?" ಎಂದ. ತಾವು ಒಂದು ಸಾಲನ್ನೂ ಗಟ್ಟಿಯಾಗಿ ಓದಿದವರಲ್ಲ ಎಂಬುದು ಎದ್ದು ನಿಂತ ಮೇಲೆ ಅವರಿಗೆ ಹೊಳೆಯಿತು. ಓದುವುದು ಅವನ ಪಾಲು, ಕೇಳುವುದು ತಮ್ಮ ಪಾಲು. ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ವಾಲಿಸಿದರು. ಬಾಯಿ ತೆರೆದರು.

"ಎಲ್ಲರನ್ನೂ ಕಾಯುವವನೇ ಕಾಮಾ ನಿನ್ನ ಕಡೆಗೆ ಹೊರಟುಬಂದ ಈ ಜೀವಕ್ಕೆ ಕಾಮಾ ನಿನ್ನ ನೆರಳನ್ನು ಕೊಡು ಫುಲ್‌ಸ್ಟಾಪ್..."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಪ್ರೂಫಯ್ಯನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಅವರಿಗೆ ಗೊತ್ತಿದ್ದ ಓದು ಅದೊಂದೇ. ಅಕ್ಷರ ಕಂಡ ಕೂಡಲೇ ಒಳಗಿನಿಂದ ಎದ್ದುಬಂದದ್ದು ಅವನ ಓದು, ತಮ್ಮದಲ್ಲ. ಎದುರಿಗೆ ಮೊದಲ ಸಾಲಿನಲ್ಲಿ ಕೂತಿದ್ದ ಕಾಪಯ್ಯನ ಹೆಂಡತಿ ಮುಖ ಎತ್ತಿದ್ದಳು. ಅಲ್ಲಿ ನಗುವಿರಲಿಲ್ಲ, ಬಹಳ ದಿನಗಳ ಮೇಲೆ ಬಾಗಿಲು ತಟ್ಟಿದ ಶಬ್ದ ಕೇಳಿದವರ ಮುಖ. ಅವರು ಮುಂದುವರಿಸಿದರು, ಈಗ ಚಿಹ್ನೆಗಳನ್ನು ನುಂಗುತ್ತ. ಅಷ್ಟರಲ್ಲಿ ಹಿಂದೆ ಎಲ್ಲೋ, ಕಾಗದದ ಕಟ್ಟುಗಳ ಆಚೆ, ಯಾರೋ ಕೆಮ್ಮಿದರು. ಯಾವುದೋ ಗಂಟಲು, ಶಾಯಿಯ ಘಾಟಿಗೆ ಬಂದ ಕೆಮ್ಮು. ಪ್ರೂಫಯ್ಯನವರ ಓದು ತಟ್ಟನೆ ನಿಂತಿತು. ಕಣ್ಣು ತಾನೇ ತಾನಾಗಿ ಆ ಸಾಲಿನ ಮೊದಲಿಗೆ ಮರಳಿ, ಅಕ್ಷರ ಅಕ್ಷರವನ್ನೂ ತಡವಿಕೊಂಡು ಬಂತು. ತಪ್ಪೇನೂ ಇರಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಓದಿದರು. ದುಃಖದಿಂದ ಓದು ತಡೆಯಿತು ಎಂದುಕೊಂಡು ಜನ ತಲೆ ತಗ್ಗಿಸಿದರು. ಕೂತು ಹಾಳೆಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡರು. ಕೆಮ್ಮಿದರೆ ನಾನೇಕೆ ಹಿಂದಕ್ಕೆ ಹೋಗಬೇಕು? ಕೆಮ್ಮಿಗೂ ತಪ್ಪಿಗೂ ಏನು ಸಂಬಂಧ? ಪ್ರಶ್ನೆ ಅಲ್ಲಿಗೇ ನಿಂತಿತು. ಅದರ ಮುಂದಿನದನ್ನು ನೋಡುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ.

ಅರ್ಧಕ್ಕೆ ನಿಂತಿದ್ದ ಪುಸ್ತಕ ದಾದಿಯರಿಗಾಗಿ ಬರೆದ ಒಂದು ಕೈಪಿಡಿ: ಯಾವ ಔಷಧ, ಯಾವ ವಯಸ್ಸಿಗೆ, ಎಷ್ಟು. ಪುಟದ ತುಂಬ ಅಂಕಿಗಳು, ಅಂಕಿಗಳ ನಡುವೆ ಚುಕ್ಕೆಗಳು. ಒಬ್ಬರೇ ಮುಗಿಸಿಬಿಡುತ್ತೇನೆ ಎಂದು ಪ್ರೂಫಯ್ಯನವರು ಯಜಮಾನನಿಗೆ ಹೇಳಿಕಳುಹಿಸಿ, ತೆಳ್ಳನೆಯ ಯಂತ್ರವನ್ನು ತೆರೆದು ಕೂತರು. ಕಾಪಿಯನ್ನು ಅಚ್ಚು ಹಾಕಿಸಿಕೊಂಡು ಪಕ್ಕದಲ್ಲಿಟ್ಟು, ಬೆರಳಿಟ್ಟು, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ನೋಡಿದರು. ಪರದೆಯಲ್ಲಿ ಕಿಟಕಿ, ಕಿಟಕಿಯಲ್ಲಿ ಮುಖ. ಎಲ್ಲಿಯೂ ತಪ್ಪಿಲ್ಲ. ಪುಟದ ಮೇಲೆ ಪುಟ, ತಪ್ಪಿಲ್ಲ. ಇಷ್ಟು ಶುದ್ಧವಾದ ಪುಟಗಳನ್ನು ಜನ್ಮದಲ್ಲಿ ಕಂಡಿರಲಿಲ್ಲ. ಜೋಡಿಸುವವರು ಪಳಗಿದ್ದಾರೆ ಎಂದು ಸಮಾಧಾನ ಮಾಡಿಕೊಂಡು ಕಳುಹಿಸಿಕೊಟ್ಟರು. ಸಂಜೆ ಯಜಮಾನ ಫೋನು ಮಾಡಿದ. ಅವನ ದನಿ ಎಂದಿಗಿಂತ ಮೆತ್ತಗಿತ್ತು.

"ಸಾರ್, ಏನೂ ಅಂದ್ಕೋಬೇಡಿ. ಒಂದು ಕಡೆ ಒಂದು ಚುಕ್ಕೆ ಬಿಟ್ಟುಹೋಗಿದೆ. ಸೊನ್ನೆ ಪಾಯಿಂಟ್ ಐದು ಇರ್ಬೇಕಾದ ಕಡೆ ಸೊನ್ನೆ ಐದು, ಅಂದ್ರೆ ಐದೇ ಆಗಿದೆ. ಮಕ್ಕಳ ಔಷಧ ಅದು. ನಮ್ಮಲ್ಲಿ ಪುಟ ಜೋಡಿಸೋಳ ಕಣ್ಣಿಗೆ ಬಿತ್ತು, ಹಾಗಾಗಿ ಸರಿಹೋಯ್ತು."

"ಹೌದಾ" ಎಂದರು.

"ಮನಸ್ಸು ಸರಿಯಿಲ್ಲದಾಗ ಹಾಗಾಗತ್ತೆ ಸಾರ್. ಸ್ವಲ್ಪ ದಿನ ಬಿಟ್ಟು ನೋಡೋಣ."

ಪ್ರೂಫಯ್ಯನವರು ಫೋನಿಟ್ಟು ಯಂತ್ರವನ್ನು ಮುಚ್ಚಿದರು. ಹೆಂಡತಿ ಬಂದು ದೀಪ ಹಾಕಿದಳು. ಮೊದಲಾಗಿದ್ದರೆ ಮನಸ್ಸಿನ ಮೇಲೆ ಹೊರಿಸಿ ಪಾರಾಗುತ್ತಿದ್ದರೇನೋ. ಈಗ ಕಣ್ಣಮುಂದೆ ಎಂದೂ ಕಂಡಿರದ ಒಂದು ಮಗು ಮಲಗಿತ್ತು, ಅದರ ತಲೆದೆಸೆಯಲ್ಲಿ ಕೈಪಿಡಿ ತೆರೆದುಕೊಂಡು ಒಬ್ಬ ದಾದಿ ನಿಂತಿದ್ದಳು, ಆಕೆ ಅಚ್ಚಾದದ್ದನ್ನು ನಂಬಿದ್ದಳು. ಹಾಗಾದರೆ ಹಿಂದಿನ ಪುಟಗಳು? ಹಿಂದಿನ ಪುಸ್ತಕಗಳು? ಅವುಗಳ ಬಗ್ಗೆ ಒಂದೂ ದೂರು ಬರಲಿಲ್ಲವಲ್ಲ. ಕಾಪಯ್ಯ ಎದುರಿಗಿದ್ದಾಗ ಸಿಕ್ಕುತ್ತಿದ್ದ ತಪ್ಪುಗಳು ಅವನು ಹೋದ ಕೂಡಲೇ ಸಿಕ್ಕದೆ ಹೋದವು ಏಕೆ? ಬೆಳಗಾದ ಮೇಲೆ ಅವರು ಅಂಗಿ ತೊಟ್ಟು, ತೆಳ್ಳನೆಯ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಕಾಪಯ್ಯನ ಮನೆಯ ಕಡೆ ಹೊರಟರು. ಅದನ್ನು ಏಕೆ ತೆಗೆದುಕೊಂಡು ಹೊರಟಿದ್ದೇನೆ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ. ದಾರಿಯಲ್ಲಿ ಕಾಪಯ್ಯ ದಿನವೂ ಹೊತ್ತು ನಡೆದ ಭಾರವನ್ನು ನೆನೆದು ಒಮ್ಮೆ ಭುಜ ಬದಲಾಯಿಸಿದರು. ಇವರ ಚೀಲದಲ್ಲಿ ಭಾರವೇ ಇರಲಿಲ್ಲ.

ಕಾಪಯ್ಯನ ಹೆಂಡತಿಯನ್ನು ಅವರು ಮೊದಲಿನಿಂದಲೂ ತಂಗ್ಯಮ್ಮ ಎಂದೇ ಕರೆಯುವುದು. ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು. ಮಾತು ಅಳತೆಯದ್ದು, ಸ್ಪಷ್ಟ. ಬಾಗಿಲು ತೆರೆದು, ಅವರ ಕೈಯಲ್ಲಿದ್ದ ಚೀಲ ನೋಡಿ, ಏನೂ ಕೇಳದೆ ಒಳಗೆ ಕರೆದು ಕೂರಿಸಿದಳು. ಮೇಜಿನ ಮೇಲೆ ಆ ಕಪ್ಪು ಹಲಗೆ ಮುಚ್ಚಿಟ್ಟಿತ್ತು. ಅದರ ಮೇಲೆ ಧೂಳಿರಲಿಲ್ಲ.

"ತಂಗ್ಯಮ್ಮ, ಆ ದಿನ ಫೋನಲ್ಲಿ ನಾನು..."

"ಅದೇನ್ ಬಿಡಿ ಅಣ್ಣಾ. ನನಗೇನೂ ಅನ್ನಿಸ್ಲಿಲ್ಲ. ಅವರಿಗೆ ಹೇಳಿದ್ರೂ ನಗ್ತಾ ಇದ್ರು. 'ನೋಡೋಣ ಅನ್ನೋದು ಬಿಟ್ಟು ಕೊನೆಗೂ ಒಂದು ಮಾತು ಆಡಿದ್ನಲ್ಲ' ಅಂತ."

ಪ್ರೂಫಯ್ಯನವರಿಗೆ ನಗು ಬಂತು. ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು. ಆಕೆ ನೀರು ಕಾಣದವಳ ಹಾಗೆ ಕಾಫಿಯ ಲೋಟ ಮುಂದಿಟ್ಟಳು.

"ಅವನ ಭುಜ ಹೇಗಿತ್ತು ಕೊನೆಕೊನೆಗೆ? ಬಹಳ ನೋಯ್ತಿತ್ತಾ?"

"ಭುಜಾನಾ?" ಆಕೆ ಹುಬ್ಬು ಗಂಟಿಕ್ಕಿದಳು. "ಹೋಗೋ ಹಿಂದಿನ ವಾರ ಈ ಅಲಮಾರಾನ ಒಬ್ಬರೇ ಆ ಗೋಡೆಯಿಂದ ಈ ಗೋಡೆಗೆ ತಳ್ಳಿದ್ರು. ಬೇಡ ಅಂದ್ರೂ ಕೇಳ್ಲಿಲ್ಲ. ಭುಜಕ್ಕೇನಾಗಿತ್ತು?"

ಅವರು ಅಲಮಾರಾ ನೋಡಿದರು. ಮರದ್ದು, ದೊಡ್ಡದು, ಎರಡು ಬಾಗಿಲಿನದು.

"ಮತ್ತೆ ಕೆಮ್ಮು?"

"ಕೆಮ್ಮೆಲ್ಲಿತ್ತು ಅವರಿಗೆ? ಮನೇಲಿ ಒಂದು ದಿನ ಕೆಮ್ಮಿದ್ದು ನಾ ಕೇಳಿಲ್ಲ. ಗಂಟಲು ಅಂದ್ರೆ ಗಂಟೆ ಹಾಗಿತ್ತು. ಜಗಳ ಆಡೋವಾಗ್ಲೂ ಸ್ಪಷ್ಟವಾಗಿ, 'ಈಗ ಕಾಮಾ ಹಾಕಿದೀನಿ ಅಷ್ಟೇ, ಇನ್ನೂ ಇದೆ' ಅಂತಿದ್ರು." ಆಕೆ ನಕ್ಕಳು. ಆಮೇಲೆ, ನೆನಪಾದವಳ ಹಾಗೆ, "ನೀವು ಕೊಟ್ಟಿದ್ದ ಮಾತ್ರೆ ಚೀಲದಲ್ಲಿದೆ. ಯಾಕ್ರೀ ಇದು ಅಂದ್ರೆ, 'ಸ್ನೇಹಿತ ಕೊಟ್ಟಿದಾನೆ, ತಿನ್ನದಿದ್ರೆ ಬೇಜಾರ್ ಮಾಡ್ಕೋತಾನೆ' ಅಂದ್ರು. ಆ ರುಚಿ ಅವರಿಗೆ ಒಂಚೂರೂ ಸೇರ್ತಿರ್ಲಿಲ್ಲ."

ಪ್ರೂಫಯ್ಯನವರು ಲೋಟವನ್ನು ಮೇಜಿನ ಮೇಲಿಡಲು ಹೋದರು. ಅಂಚು ಎಲ್ಲಿದೆಯೆಂದು ಕಾಣದೆ ಇನ್ನೊಂದು ಕೈಯಿಂದ ತಡವಿ ಇಟ್ಟರು. ಆಕೆ ನೋಡಿದಳು.

"ಪುಟ ಬಂದ ದಿನ ಬೆಳಗ್ಗೆ ಬೇಗ ಎದ್ದು ಕೂತುಬಿಡ್ತಿದ್ರು," ಎಂದಳು, ಅವರಿಗೆ ಗೊತ್ತಿರುವ ವಿಷಯವನ್ನೇ ಮತ್ತೆ ಹೇಳುವವಳ ಹಾಗೆ. "ಕಾಪಿ ಒಂದು ಕಡೆ, ನಿಮ್ಮ ಪುಟ ಒಂದು ಕಡೆ, ಎರಡೂ ಈ ದೊಡ್ಡ ಪರದೇಲಿ ಪಕ್ಕಪಕ್ಕ ಇಟ್ಕೊಂಡು ಎಲ್ಲಾ ಮೊದಲೇ ಬಾಯಿಬಿಟ್ಟು ಓದ್ಕೊಂಡೇ ನಿಮ್ಮನೇಗೆ ಬರ್ತಿದ್ರು. ಅಷ್ಟು ಓದಿದ ಮೇಲೆ ಅಲ್ಲಿ ಹೋಗಿ ಮತ್ತೆ ಏನ್ರೀ ಓದೋದು ಅಂದ್ರೆ, 'ಅಲ್ಲಿ ಓದೋದೇ ಕೆಲಸ ಕಣೇ, ಇದು ತಯಾರಿ' ಅಂತಿದ್ರು."

ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ಅಲಮಾರಾ ಅಲ್ಲೇ ಇತ್ತು, ಲೋಟದಿಂದ ಹಬೆ ಏಳುತ್ತಿತ್ತು, ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು. ಪ್ರೂಫಯ್ಯನವರ ಒಳಗೆ ಮಾತ್ರ ಪುಸ್ತಕದ ಮೇಲೆ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತಿತ್ತು, ಒಂದೊಂದು ಕೆಮ್ಮೂ ತನ್ನ ತನ್ನ ಸಾಲಿಗೆ ಹೋಗಿ ಕೂಡುತ್ತಿತ್ತು. ಅವನು ತಪ್ಪನ್ನು ಬೆಳಗ್ಗೆಯೇ ಕಂಡಿರುತ್ತಿದ್ದ. ಸಂಜೆಯೊಳಗೆ ಒಂದು ಸಾಲು ಬರೆದು ಯಜಮಾನನಿಗೆ ಕಳುಹಿಸಿದ್ದರೆ ಮುಗಿದುಹೋಗುತ್ತಿತ್ತು. ಅದನ್ನು ಅಷ್ಟು ದೂರ ಹೊತ್ತು ತಂದು, ತನ್ನ ಗಂಟೆಯಂಥ ಗಂಟಲನ್ನು ಒಡೆದ ಪಾತ್ರೆ ಮಾಡಿಕೊಂಡು, ಇವರ ಕಣ್ಣು ತಾನೇ ಕಂಡುಕೊಳ್ಳುವ ತನಕ ಕಾಯುತ್ತಿದ್ದ. ಇವರು "ಸಿಕ್ತು" ಎನ್ನುವ ತನಕ. ಯಜಮಾನನೆದುರು ಬೈಸಿಕೊಂಡ ದಿನವೂ, ನಗುತ್ತ, ಮುಂದಿನ ಪುಟದಲ್ಲಿ ಮತ್ತೆ ಕೆಮ್ಮಿದ್ದ. ಅದರಲ್ಲೂ ಕೆಲಸ ಹೆಚ್ಚಾದಾಗ, ಕೆಮ್ಮಿಗೂ ಸಿಗದಷ್ಟು ಕಣ್ಣು ಮಬ್ಬಾಗುತ್ತ ಬಂದಾಗ, ಈ ಅಗಲವಾದ ಪರದೆಯನ್ನೇ ದಾಟಿಸಿಬಿಡಲು ನೋಡಿದ. ಕೊಡುತ್ತೇನೆ ಎಂದರೆ ಇವರು ತೆಗೆದುಕೊಳ್ಳುವವರಲ್ಲ ಎಂದು ಗೊತ್ತಿದ್ದವನು, ಬೇಡುವವನ ವೇಷ ಹಾಕಿಕೊಂಡು ಬಂದಿದ್ದ. ಕೊಡುವವನು ಬೇಡುವವನಂತೆ ಬಾಗಿಲಿಗೆ ಬರುವುದನ್ನು ಪ್ರೂಫಯ್ಯನವರು ದೇವರ ಕಥೆಗಳಲ್ಲಿ ಮಾತ್ರ ಕೇಳಿದ್ದರು. ತಮ್ಮ ಮನೆಯ ಮೇಜಿನ ಆ ಕಡೆ ಅಂಥವನೊಬ್ಬ ಕೂತು ಗಂಟಲಿನ ಮಾತ್ರೆ ಚೀಪುತ್ತಿದ್ದಾನೆಂದು ಅವರಿಗೆ ಹೊಳೆದಿರಲಿಲ್ಲ. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ದೊಡ್ಡದಾಗಿ ಎದೆ ತುಂಬಿದ್ದು ಬೆರಗು: ಎಂಥ ಕೆಲಸಗಾರ! ತಿದ್ದಿದ ಗುರುತೇ ಕಾಣದ ಹಾಗೆ ತಿದ್ದುವುದು ಕೊನೆಗೂ ಇಬ್ಬರಲ್ಲಿ ಒಬ್ಬನಿಗೆ ಬಂದಿತ್ತು, ಅದು ಓದುವವನಿಗೆ.

"ತಂಗ್ಯಮ್ಮ, ನಂಗೆ ಕಣ್ಣು ಕಾಣಲ್ಲ" ಎಂದರು.

ಆ ವಾಕ್ಯ ತಿದ್ದುವ ಅವಶ್ಯಕತೆಯೇ ಇಲ್ಲದೆ ಬಾಯಿಂದ ಬಂತು. ಹೆಂಡತಿಗೂ ಹೇಳಿರದ ಮಾತು.

"ಗೊತ್ತು ಅಣ್ಣಾ" ಎಂದಳು ಆಕೆ.

"ಅವನು ಹೇಳಿದ್ನಾ?"

"ಅವರು ಒಂದು ಮಾತ್ಕೂಡ ಹೇಳ್ಲಿಲ್ಲ. ನೀವು ಹೋದ ಸಲ ಬಂದಾಗ ಗೋಡೆಗೆ ನಮಸ್ಕಾರ ಮಾಡಿದ್ರಿ. ನಾನು ಬಾಗಿಲ ಹತ್ರ ಇದ್ದೆ."

ಇಬ್ಬರೂ ನಕ್ಕರು. ಬಹಳ ದಿನಗಳ ಮೇಲೆ ಆ ಕೋಣೆ ನಗು ಕೇಳಿತು. ಪ್ರೂಫಯ್ಯನವರು ಚೀಲದಿಂದ ತೆಳ್ಳನೆಯ ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲಿಟ್ಟು, ಎರಡು ಕೈಯಿಂದಲೂ ಆಕೆಯ ಕಡೆಗೆ ಸರಿಸಿದರು.

"ಆ ದಿನ ಬೇಡ ಅಂದಿದ್ದನ್ನ ವಾಪಸ್ ತಗೊಳ್ತೀನಿ. ಅವನು ಕೇಳಿದ ಹಾಗೇ ಆಗ್ಲಿ. ಇದು ಇಲ್ಲಿ, ಅದು ಅಲ್ಲಿ. ಯಜಮಾನ್ರಿಗೂ ಹೇಳ್ತೀನಿ: ಕಣ್ಣಿನ ಡಾಕ್ಟರ್ ಹತ್ರ ಹೋಗ್ತಾ ಇದೀನಿ, ಕಣ್ಣು ಸರಿಹೋಗೋ ತನಕ ನಾ ನೋಡಿದ ಪುಟಾನ ಇನ್ನೊಬ್ಬರು ನೋಡದೆ ಅಚ್ಚಿಗೆ ಹಾಕ್ಬೇಡಿ ಅಂತ. ನೀನು ಇದನ್ನ ಇಟ್ಕೋ."

"ನಾನೇನ್ ಮಾಡ್ಲಿ ಇದನ್ನ?" ಎಂದವಳು ಅದನ್ನು ಎತ್ತಿ ನೋಡಿದಳು, ಒಂದು ಕೈಯಲ್ಲಿ. "ಹಗುರ ಇದೆ. ಅದನ್ನಂತೂ ನನಗೆ ಎತ್ತೋದಕ್ಕೇ ಆಗಲ್ಲ, ಒರೆಸೋದು ಅಷ್ಟೇ." ಕೆಳಗಿಟ್ಟು ತೆರೆದಳು. ಬೆರಳು ಕೀಲಿಗಳ ಮೇಲೆ ಓಡಾಡಿತು. "ಪುಸ್ತಕ ಅರ್ಧಕ್ಕೆ ನಿಂತಿದೆ ಅಲ್ವಾ? ಅಂಕಿ ಓದೋದು ನಂಗೇನ್ ಹೊಸದಲ್ಲ. ಟೆಲಿಫೋನ್ ಕೆಲಸದಲ್ಲಿ ಹಗಲೆಲ್ಲಾ ಅದೇ ತಾನೇ ಮಾಡಿದ್ದು. ಗೋಡೆ ಆಚೆಯಿಂದ ಅವರ ಓದು ಕೇಳಿ ಕೇಳಿ ಕಾಮಾ ಫುಲ್‌ಸ್ಟಾಪೂ ಬರತ್ತೆ. ಕಾಪಿ ಇದರಲ್ಲಿ ಹಾಕ್ಕೊಡಿ, ಓದ್ತೀನಿ. ಆದ್ರೆ ಅಣ್ಣಾ, ಈಗ್ಲೇ ಹೇಳ್ತೀನಿ, ನಂಗೆ ಅವರ ಹಾಗೆ ಕೆಮ್ಮೋದಕ್ಕೆ ಬರಲ್ಲ."

ಅಂದರೆ ಆಕೆಗೂ ಈಗ, ಈ ಮಾತುಗಳ ನಡುವೆಯೇ, ಆ ಕೆಮ್ಮು ಯಾತಕ್ಕೆಂದು ತಿಳಿದುಹೋಗಿತ್ತು. ಪ್ರೂಫಯ್ಯನವರು ತಲೆ ಅಲ್ಲಾಡಿಸಿದರು.

"ಕೆಮ್ಮಬೇಡ ತಾಯಿ. ನೀನೂ ಮೊದಲೇ ಓದ್ಕೊಂಡಿರು, ಆದ್ರೆ ತಪ್ಪು ಇದ್ದ ಕಡೆ ನಿಲ್ಲಿಸಿ, 'ಅಣ್ಣಾ, ನಿಮಗೆ ಇದು ಕಾಣ್ಲಿಲ್ಲ' ಅಂತ ಬಾಯಿಬಿಟ್ಟು ಹೇಳು. ಗಟ್ಟಿಯಾಗಿ ಹೇಳು."

ಕಪ್ಪು ಲ್ಯಾಪ್‌ಟಾಪನ್ನು ಅದರ ಹೆಗಲಚೀಲದಲ್ಲಿ ಹಾಕಿ ಆಕೆ ಬಾಗಿಲ ತನಕ ಹೊತ್ತು ತರಲಾರದೆ ತಂದಳು. ಪ್ರೂಫಯ್ಯನವರು ಅದನ್ನು ಭುಜಕ್ಕೆ ಏರಿಸಿಕೊಂಡರು. ಪಟ್ಟಿ ಮೂಳೆಗೆ ಒತ್ತಿತು. ಎರಡು ಬೀದಿಯ ದಾರಿ, ಬಿಸಿಲು ಆಗಲೇ ಏರಿತ್ತು. ನಡುವೆ ಒಂದು ಕಡೆ ನಿಂತು ಉಸಿರು ಬಿಟ್ಟರು, ಆದರೆ ಭುಜ ಬದಲಾಯಿಸಲಿಲ್ಲ. ಮನೆಗೆ ಬಂದು ಮೇಜಿನ ಮೇಲೆ, ತಮ್ಮ ಕಡೆಗೆ, ಅದನ್ನು ಇಟ್ಟು ತೆರೆದರು. ಹೆಂಡತಿ ಒಳಗಿನಿಂದ ಬಂದು ಪಕ್ಕದಲ್ಲಿ ನಿಂತಳು. ಕೈಪಿಡಿಯ ಆ ಪುಟದ ಕಾಪಿ ಅಗಲವಾಗಿ ತೆರೆದುಕೊಂಡಿತು. ಪರದೆಯಲ್ಲಿ ಕಿಟಕಿಯಿರಲಿಲ್ಲ, ಅವರ ಮುಖವೂ ಇರಲಿಲ್ಲ. ಸೊನ್ನೆ, ಅದರ ಪಕ್ಕದಲ್ಲಿ ಮಬ್ಬಾಗಿಯಾದರೂ ಕಾಣುವ ಒಂದು ಚುಕ್ಕೆ, ಆಮೇಲೆ ಐದು. ಚೀಲದ ಜೇಬಿನಲ್ಲಿ ಕೈಗೆ ಸಿಕ್ಕಿದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಮೇಜಿನ ಆ ಕಡೆ, ಅವನು ಕೂಡುತ್ತಿದ್ದ ಜಾಗದಲ್ಲಿಟ್ಟು, ಪ್ರೂಫಯ್ಯನವರು ಕಣ್ಣು ಮುಚ್ಚಿ ಕೈ ಜೋಡಿಸಿದರು.

ಭಗವಂತಾ, ನನ್ನ ಸ್ನೇಹಿತ ನಿನ್ನ ಹತ್ತಿರ ಬಂದಿದ್ದಾನೆ. ನನ್ನ ಕುಂದನ್ನು ನನಗೂ ಕಾಣಿಸದೆ ಹೊತ್ತವನು ಅವನು, ತನ್ನ ಒಳ್ಳೆಯ ಗಂಟಲಿಗೆ ನನಗಾಗಿ ಕೆಟ್ಟ ಹೆಸರು ತಂದುಕೊಂಡವನು. ಅವನ ಭುಜದ ಮೇಲಿನ ಚೀಲ ಇಳಿಸು. ಅವನಿಗೆ ಹಿಡಿಸದ ಮಾತ್ರೆಯನ್ನು ಯಾರೂ ಅವನ ಮುಂದೆ ತಳ್ಳದಿರಲಿ. ನಿನ್ನ ಮುಂದೆ ಏನಾದರೂ ಓದಬೇಕಾಗಿ ಬಂದರೆ ಅವನು ತನ್ನ ದನಿಯಲ್ಲಿ, ಎಲ್ಲಿಯೂ ತಡೆಯದೆ, ಕೊನೆಯ ತನಕ ಓದಲಿ. ನಾನು ತಡವಾಗಿ ಆಡಿದ ಹೂಂ ಎಂಬ ಮಾತನ್ನು ಅವನಿಗೆ ತಲುಪಿಸು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ, ಶಾಂತಿ ಕೊಡು.